‘ಜೋಶಿ ಮಾಸ್ತರ ಮಗ’: ಭೀಮಸೇನ ಜೋಶಿಯವರ ಅಪ್ಪನ ಬಗ್ಗೆ ನಿಮಗೇನು ಅನ್ನಿಸುತ್ತೆ?

ಗದಗ_ಬೆಟಗೇರಿ
ಭಾನುವಾರ, ಬೆಳಿಗ್ಗೆ 7:10

ಎಲ್ಲರಿಗೂ ನಮಸ್ಕಾರ. ಬಹಳ ದಿನ ಆದಮೇಲೆ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆದರೆ ಬೇಜಾರು ಮಾಡ್ಕೋಬೇಡಿ.

ಮೊನ್ನೆ ಊರಿಗೆ ಹೋದಾಗ ಅಟ್ಟದ ಮೇಲಿದ್ದ ಅಪ್ಪನ ಟ್ರಂಕ್ ಇಳಿಸಿದೆ. ಒಳಗೆ ಹದಿನಾಲ್ಕು ಕ್ಯಾಸೆಟ್. ಎಲ್ಲವೂ ಧಾರವಾಡ ಆಕಾಶವಾಣಿಯಿಂದ ಟೇಪ್ ಮಾಡಿಕೊಂಡದ್ದು. ಒಂದರ ಮೇಲೆ ಅಪ್ಪನ ದುಂಡು ಅಕ್ಷರದಲ್ಲಿ ಹೀಗಿತ್ತು: ‘ಭೀಮಣ್ಣ. ಮುಲ್ತಾನಿ. ಕೊನೆಗೆ ಕಟ್ ಆಗಿದೆ.’ ಭೀಮಸೇನ ಜೋಶಿಯವರ ಜೊತೆ ನಮ್ಮಪ್ಪನಿಗೆ ಯಾವ ಪರಿಚಯವೂ ಇರಲಿಲ್ಲ. ಆದರೂ ಭೀಮಣ್ಣ ಅಂತಲೇ ಅನ್ನುತ್ತಿದ್ದರು, ನಮ್ಮ ಓಣಿಯ ಹುಡುಗನ ಬಗ್ಗೆ ಮಾತಾಡಿದ ಹಾಗೆ.

ಅಪ್ಪ ಸಾಲಿ ಮಾಸ್ತರರು. ಭೀಮಣ್ಣನ ಅಪ್ಪ ಗುರುರಾಜಾಚಾರ್ಯ ಜೋಶಿಯವರೂ ಮಾಸ್ತರರು. ಅದಕ್ಕೇ ಇರಬೇಕು, ಅಪ್ಪ ಆ ಹಾಡಿನ ಬಗ್ಗೆ ಹೇಳಿದ್ದಕ್ಕಿಂತ ಆ ಮಾಸ್ತರರ ಬಗ್ಗೆ ಹೇಳಿದ್ದೇ ಜಾಸ್ತಿ. ಅದರಲ್ಲೂ ಅಂಗಿಯ ಕಥೆ.

ನಿಮಗೆ ಗೊತ್ತಿರಬಹುದು. ಚಿಕ್ಕ ಭೀಮಸೇನನಿಗೆ ಬ್ಯಾಂಡಿನ ಸದ್ದು ಕೇಳಿದರೆ ಮನೆಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ಮೆರವಣಿಗೆ ಎಲ್ಲಿಗೆ ಹೋದರೆ ಅಲ್ಲಿಗೆ. ಸುಸ್ತಾದ ಜಾಗದಲ್ಲಿ ಹಾಗೇ ಮಲಗಿಬಿಡೋದು. ಮನೆಯವರು ಊರೆಲ್ಲ ಹುಡುಕಿ, ಸಿಗದೆ, ಪೊಲೀಸರ ಹತ್ತಿರ ಹೋಗೋದು. ಹೀಗೆ ಎಷ್ಟು ಸಲ ಅಂತ? ಬೇಸತ್ತ ಜೋಶಿ ಮಾಸ್ತರರು ಕೊನೆಗೆ ಮಗನ ಅಂಗಿಗಳ ಮೇಲೆ ‘ಜೋಶಿ ಮಾಸ್ತರ ಮಗ’ ಎಂದು ಬರೆದುಬಿಟ್ಟರು. ಆಮೇಲೆ ಕಂಡವರು ಹುಡುಗನನ್ನು ತಂದು ಮನೆಗೆ ಮುಟ್ಟಿಸುತ್ತಿದ್ದರು.

ನಾನು ಈ ಕಥೆಗೆ ಎಷ್ಟೋ ವರ್ಷ ಬರೀ ನಕ್ಕಿದ್ದೇನೆ. ಈಗ ನನಗೂ ಒಬ್ಬ ಮಗ ಇದ್ದಾನೆ. ಈಗ ಕೇಳಿದರೆ ನಗು ಬರೋದಿಲ್ಲ. ಆ ಮಾಸ್ತರರು ಮನೆ ಚಿಲಕ ಹಾಕಬಹುದಿತ್ತು, ಬೆತ್ತ ತೆಗೆಯಬಹುದಿತ್ತು. ಆ ಕಾಲದ ಮಾಸ್ತರರ ಕೈಯಲ್ಲಿ ಬೆತ್ತಕ್ಕೆ ಬರವೇ? ಅವರು ಮಸಿ ದೌತಿ ತೆಗೆದರು.

ಭೀಮಣ್ಣ ಹನ್ನೊಂದನೇ ವಯಸ್ಸಿಗೆ ಹಾಡು ಕಲಿಯೋಕೆ ಮನೆ ಬಿಟ್ಟು ಓಡಿ ಹೋದ ಕಥೆ ಎಲ್ಲರಿಗೂ ಬಾಯಿಪಾಠ. ಈ ಅಪ್ಪನ ಕಡೆಯಿಂದ ಯಾರಾದರೂ ಯೋಚನೆ ಮಾಡಿದ್ದೀರಾ?

---

ಸಕ್ಕರೆ_ಬೇಡ
ಭಾನುವಾರ, ಬೆಳಿಗ್ಗೆ 7:42

ತುಪ್ಪದ ಕಥೆ ಬಿಟ್ಟೇಬಿಟ್ಟಿರಲ್ಲ ಸರ್! ಊಟದಲ್ಲಿ ಇನ್ನೊಂದು ಚಮಚ ತುಪ್ಪ ಹಾಕಲಿಲ್ಲ ಅಂತ ಮನೆ ಬಿಟ್ಟು ಹೋದ ಹುಡುಗ ಭಾರತರತ್ನ ತಗೊಂಡ. ನಮ್ಮ ಮನೆಯಲ್ಲಿ ನಾನು ದಿನಾ ತುಪ್ಪ ಹಾಕಿಸಿಕೊಂಡು ಗುಮಾಸ್ತ ಆದೆ.

---

ಓಲ್ಡ್_ಮೀಟರ್‌ಗೇಜ್
ಭಾನುವಾರ, ಬೆಳಿಗ್ಗೆ 8:15

ನಾನು ರೈಲಿನ ಹುಚ್ಚ. ಹಾಗಾಗಿ ರೈಲಿನ ಕಡೆಯಿಂದ ಹೇಳುತ್ತೇನೆ.

1933. ಹುಡುಗನಿಗೆ ಹನ್ನೊಂದು ವರ್ಷ (ಹುಟ್ಟಿದ್ದು 1922ರ ಫೆಬ್ರುವರಿ 4, ರೋಣದಲ್ಲಿ). ಆಗ ನಮ್ಮ ಕಡೆ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ. ಮೀಟರ್ ಗೇಜ್. ಗದಗ ಜಂಕ್ಷನ್‌ನಿಂದ ಒಂದು ಹಾದಿ ಬಾದಾಮಿ, ಬಾಗಲಕೋಟೆ, ವಿಜಾಪುರದ ಮೇಲೆ ಹೋಟಗಿಗೆ. ಇನ್ನೊಂದು ಹುಬ್ಬಳ್ಳಿ, ಧಾರವಾಡದ ಕಡೆ. ಪುಣೆವರೆಗೂ ಮೀಟರ್ ಗೇಜ್‌ನಲ್ಲೇ ಹೋಗಬಹುದಿತ್ತು. ಅಲ್ಲಿಂದ ಮುಂದೆ ಅಗಲ ಹಳಿಯ ದೊಡ್ಡ ಗಾಡಿ.

ಹುಡುಗನ ಕೈಯಲ್ಲಿ ಟಿಕೆಟ್ ಇಲ್ಲ. ಜೊತೆಯ ಪ್ರಯಾಣಿಕರು ಕೊಟ್ಟ ಕಾಸು, ಹಾಡು ಕೇಳಿ ಕರಗಿದ ಟಿ.ಸಿ.ಗಳು, ಇದರ ಮೇಲೇ ಪ್ರಯಾಣ. ಪುಣೆ, ಆಮೇಲೆ ಗ್ವಾಲಿಯರ್. ಅಲ್ಲಿ ಸರೋದ್ ವಾದಕ ಹಾಫಿಜ್ ಅಲಿ ಖಾನ್ ಸಹಾಯದಿಂದ ಮಾಧವ ಸಂಗೀತ ಶಾಲೆಗೆ ಸೇರಿದ. ಅಲ್ಲೂ ನಿಲ್ಲಲಿಲ್ಲ. ದಿಲ್ಲಿ, ಕಲ್ಕತ್ತ, ಲಖನೌ, ರಾಮಪುರ, ಕೊನೆಗೆ ಪಂಜಾಬಿನ ಜಲಂಧರ್. ಹೆಚ್ಚು ಕಡಿಮೆ ಮೂರು ವರ್ಷ.

ಈಗ ಅಪ್ಪನ ವಿಚಾರ. ಗದಗಿನಿಂದ ಜಲಂಧರ್ ಎರಡು ಸಾವಿರ ಕಿಲೋಮೀಟರಿಗಿಂತ ಜಾಸ್ತಿ. ಫೋನ್ ಇಲ್ಲ. ಫೋಟೋ ಹಿಡಿದು ತೋರಿಸೋಣ ಅಂದರೆ ಹನ್ನೊಂದರ ಹುಡುಗ ಹದಿನಾಲ್ಕಕ್ಕೆ ಬೇರೆಯೇ ಕಾಣುತ್ತಾನೆ. ದನಿಯೂ ಒಡೆದಿರುತ್ತೆ. ಅಂಗಿ ಯಾವತ್ತೋ ಹರಿದು ಹೋಗಿರುತ್ತೆ, ಮೇಲಿನ ಅಕ್ಷರ ಓದೋಕೆ ಪಂಜಾಬಿನಲ್ಲಿ ಕನ್ನಡ ಯಾರಿಗೆ ಬರುತ್ತೆ? ಆದರೂ ಮಾಸ್ತರರು ಮಗನ ಪತ್ತೆ ಹಚ್ಚಿ ಜಲಂಧರ್‌ನಿಂದ ಮನೆಗೆ ಕರೆತಂದರು.

ಮಾಸ್ತರಿಕೆಯ ಸಂಬಳದಲ್ಲಿ ಆ ಟಿಕೆಟ್ ದುಡ್ಡು ಹೇಗೆ ಹೊಂದಿಸಿದರೋ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಮಗನ ರೈಲು ಪ್ರಯಾಣದ ಮೇಲೆ ಸಾವಿರ ಲೇಖನ ಇವೆ. ಅಪ್ಪನ ರೈಲು ಪ್ರಯಾಣದ ಮೇಲೆ ಒಂದೂ ಇಲ್ಲ.

---

ಪಕ್ಕವಾದ್ಯ
ಭಾನುವಾರ, ಬೆಳಿಗ್ಗೆ 9:03

@ಓಲ್ಡ್_ಮೀಟರ್‌ಗೇಜ್, ಚೆನ್ನಾಗಿ ಬರೆದಿದ್ದೀರಿ. ಆದರೆ ಈ ಕಥೆಯನ್ನು ಇನ್ನೊಂದು ರೀತಿಯಲ್ಲೂ ಹೇಳ್ತಾರೆ. ಜಲಂಧರ್‌ನ ಹರಿವಲ್ಲಭ ಸಂಗೀತ ಸಮ್ಮೇಳನಕ್ಕೆ ಬಂದಿದ್ದ ಗಾಯಕ ವಿನಾಯಕರಾವ್ ಪಟವರ್ಧನರು ಈ ಹುಡುಗನನ್ನು ನೋಡಿ, ‘ಇಷ್ಟು ದೂರ ಯಾಕೆ ಬಂದೆ? ನಿಮ್ಮ ಊರಿನ ಹತ್ತಿರವೇ ಸವಾಯಿ ಗಂಧರ್ವರು ಇದ್ದಾರಲ್ಲ’ ಎಂಬ ಅರ್ಥದಲ್ಲಿ ಹೇಳಿದರಂತೆ (ಸವಾಯಿ ಗಂಧರ್ವರೇ ಮುಂದೆ ಅವನ ಗುರುಗಳಾದರು). ಅದನ್ನು ಕೇಳಿ ಹುಡುಗ ತಿರುಗಿ ಬಂದ ಅಂತ ಒಂದು ಕಥೆ. ಅಪ್ಪ ಹೋಗಿ ಕರೆತಂದರು ಅಂತ ಇನ್ನೊಂದು.

ಎರಡೂ ಒಟ್ಟಿಗೆ ನಿಜ ಆಗಿರಬಾರದು ಅಂತೇನಿಲ್ಲ. ಮಗನಿಗೆ ತಿರುಗಿ ಬರೋಕೆ ಒಂದು ಕಾರಣ ಬೇಕಿತ್ತು, ಅಪ್ಪನಿಗೆ ಒಂದು ವಿಳಾಸ ಬೇಕಿತ್ತು.

---

ನಿಷ್ಠುರವಾದಿ
ಭಾನುವಾರ, ಬೆಳಿಗ್ಗೆ 10:30

ಕ್ಷಮಿಸಿ, ಸ್ವಲ್ಪ ಕಹಿ ಮಾತು ಹೇಳ್ತೀನಿ.

ನಮ್ಮಲ್ಲಿ ಒಂದು ಚಾಳಿ ಇದೆ. ಮಗ ದೊಡ್ಡವನಾದ ತಕ್ಷಣ ಅಪ್ಪನ ತಪ್ಪೆಲ್ಲ ಒಪ್ಪಾಗಿಬಿಡುತ್ತೆ. ಮಗ ಓದಿ ಒಳ್ಳೇ ಕೆಲಸ ಹಿಡಿಯಲಿ ಅನ್ನೋದೇ ಜೋಶಿ ಮಾಸ್ತರರ ಆಸೆ ಆಗಿತ್ತು. ಮನೆಯಲ್ಲಿ ಸಂಗೀತ ಇರಲಿಲ್ಲ ಅಂತಲ್ಲ. ತಾಯಿ ಭಜನೆ ಹೇಳುತ್ತಿದ್ದರು. ಕುರ್ತಕೋಟಿಯ ಚನ್ನಪ್ಪನವರ ಹತ್ತಿರ ಹುಡುಗನಿಗೆ ಭೈರವ, ಭೀಮಪಲಾಸಿ ಪಾಠವೂ ಆಗಿತ್ತು. ಆದರೆ ಅಷ್ಟೇ. ಹವ್ಯಾಸಕ್ಕೆ ಒಂದೆರಡು ರಾಗ ಕಲಿ, ಆಮೇಲೆ ಪುಸ್ತಕ ಹಿಡಿ. ಹುಡುಗ ಓಡಿ ಹೋದದ್ದು ಸುಮ್ನೆ ಅಲ್ಲ, ಅಲ್ವಾ? ಮನೆಯಲ್ಲಿ ಅವನ ಮಾತು ಯಾರಿಗಾದರೂ ಅರ್ಥ ಆಗಿದ್ದರೆ ಅವನು ಹನ್ನೊಂದನೇ ವಯಸ್ಸಿಗೆ ಕಂಡವರ ಮನೆಯಲ್ಲಿ ಚಾಕರಿ ಮಾಡಬೇಕಾಗಿರಲಿಲ್ಲ.

ಅಂಗಿ ಮೇಲೆ ಹೆಸರು ಬರೆದದ್ದು ಪ್ರೀತಿ ಅಂತೀರಿ. ನಮ್ಮ ಮನೆಯಲ್ಲಿ ಪಾತ್ರೆ ಮೇಲೂ ಹೆಸರು ಕೊರೆಸುತ್ತಿದ್ದರು.

---

ಗದಗ_ಬೆಟಗೇರಿ
ಭಾನುವಾರ, ಬೆಳಿಗ್ಗೆ 11:05

@ನಿಷ್ಠುರವಾದಿ, ಕೊನೆಯ ಸಾಲು ಓದಿ ಎದೆಗೆ ಚುಚ್ಚಿತು. ಆದರೆ ಒಂದು ಮಾತು. ಪಾತ್ರೆ ಮೇಲೆ ಹೆಸರು ಕೊರೆಸೋದು ಯಾಕೆ? ಮದುವೆ ಮುಂಜಿಗೆ ಕಡ ಕೊಡ್ತೀವಿ ಅಂತ. ಮನೆಯಲ್ಲೇ ಇರೋ ಪಾತ್ರೆಗೆ ಹೆಸರು ಯಾಕೆ ಬೇಕು?

---

ನಿಷ್ಠುರವಾದಿ
ಭಾನುವಾರ, ಬೆಳಿಗ್ಗೆ 11:09

ಒಪ್ಪಿದೆ. ಒಂದು ಅಂಕ ನಿಮಗೆ.

---

ಲಕ್ಷ್ಮೇಶ್ವರದಕ್ಕ
ಭಾನುವಾರ, ಮಧ್ಯಾಹ್ನ 12:20

ತುಪ್ಪದ ಬಗ್ಗೆ ನಗುವವರಿಗೆ ಒಂದು ಮಾತು. ‘ಹದಿನಾರು ಮಕ್ಕಳ ಮನೆ, ತುಪ್ಪ ಎಲ್ಲಿಂದ ಬರಬೇಕು’ ಅಂತ ಎಲ್ಲರೂ ಹೇಳ್ತಾರೆ. ಸ್ವಲ್ಪ ಲೆಕ್ಕ ಹಾಕಿ. ಭೀಮಸೇನ ಆ ಹದಿನಾರರಲ್ಲಿ ಎಲ್ಲರಿಗಿಂತ ಹಿರಿಯವ. ಅವನಿಗೆ ಹನ್ನೊಂದು ವರ್ಷ ಇದ್ದಾಗ ಎಲ್ಲ ತಮ್ಮ ತಂಗಿಯರೂ ಹುಟ್ಟಿರಲು ಸಾಧ್ಯವೇ ಇಲ್ಲ.

ಹಿರಿ ಮಗ ಅಂದರೆ ಏನು ಅಂತ ನಮ್ಮ ಕಡೆಯವರಿಗೆ ಗೊತ್ತು. ಅವನು ತುಪ್ಪ ಕೇಳೋವಾಗ ಹಿಂದೆ ಸಣ್ಣವು ತಟ್ಟೆ ಹಿಡಿದು ಕೂತಿರುತ್ತವೆ. ಅವನಿಗೆ ಹಾಕಿದರೆ ಎಲ್ಲರಿಗೂ ಹಾಕಬೇಕು. ಅವ್ವನ ಕೈ ಅದಕ್ಕೇ ಹಿಡಿಯುತ್ತೆ. ನನ್ನ ಅಣ್ಣನೂ ಹಿರಿಯವ. ಅವನು ಓಡಿ ಹೋಗಲಿಲ್ಲ. ಹದಿನೇಳಕ್ಕೆ ಅಂಗಡಿಯಲ್ಲಿ ಕೂತ. ಅವನಿಗೆ ಕೊಳಲಿನ ಹುಚ್ಚಿತ್ತು ಅಂತ ನನಗೆ ಗೊತ್ತಾಗಿದ್ದೇ ಹೋದ ವರ್ಷ.

---

ರೇಡಿಯೋ_ಅಜ್ಜ
ಭಾನುವಾರ, ಮಧ್ಯಾಹ್ನ 2:45

ಮಕ್ಕಳೇ, ನನ್ನ ಬೆರಳು ನಿಧಾನ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ತುಪ್ಪಕ್ಕಿಂತ ಮುಂಚೆ ಒಂದು ಗ್ರಾಮಫೋನ್ ಪ್ಲೇಟು ಇತ್ತು. ಹಿಂದೂಸ್ಥಾನಿ ಗಾಯಕ ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಠುಮ್ರಿ, ‘ಪಿಯಾ ಬಿನ್ ನಹೀ ಆವತ ಚೈನ್’. ಹುಡುಗ ಅಂಗಡಿ ಮುಂದೆ ನಿಂತು ಅದನ್ನು ಕೇಳಿದ. ನನಗೂ ಹೀಗೆ ಹಾಡಬೇಕು ಅನ್ನಿಸಿತು. ಆ ದನಿಯ ಬೇರು ಹುಡುಕುತ್ತ ಹಿಂದೂಸ್ಥಾನ ಪೂರ್ತಿ ತಿರುಗಿದ. ಆ ಖಾನ್ ಸಾಹೇಬರ ಪಟ್ಟಶಿಷ್ಯರಾದ ಸವಾಯಿ ಗಂಧರ್ವರು, ಅಂದರೆ ನಮ್ಮ ರಾಮಭಾವು ಕುಂದಗೋಳಕರರು, ಗದಗಿನಿಂದ ಅರ್ಧ ದಿನದ ಹಾದಿಯಲ್ಲಿ ಎಲೆಯಡಿಕೆ ಹಾಕಿಕೊಂಡು ಕೂತಿದ್ದರು!

1936ರಲ್ಲಿ ಪಾಠ ಶುರು. 1940ರವರೆಗೆ ಕುಂದಗೋಳದಲ್ಲೇ ವಾಸ. ಆಗ ಹುಬ್ಬಳ್ಳಿಯಿಂದ ಗಂಗೂಬಾಯಿ ಹಾನಗಲ್ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡು ಹೋಗುತ್ತಿದ್ದರು. ಭೀಮಣ್ಣ ಮನೆ ಹುಡುಗನಾಗಿ ಇದ್ದ. ಹಾಡಿದ್ದಕ್ಕಿಂತ ನೀರು ಹೊತ್ತದ್ದು ಹೆಚ್ಚು ಅಂತ ಆ ಮೊದಲ ದಿನಗಳ ಬಗ್ಗೆ ಹೇಳುತ್ತಾರೆ. ಕೊಡ ಹೊತ್ತುಕೊಂಡು ದೂರದಿಂದ ನಡೆಯೋದು. ಮನೆಯಲ್ಲಿ ತುಪ್ಪ ಸಿಗಲಿಲ್ಲ ಅಂತ ಸಿಟ್ಟು ಮಾಡಿದವ ಇಲ್ಲಿ ನೀರು ಹೊತ್ತ. ಹುಡುಗರು ಹಾಗೇ. ಹೆತ್ತವರ ಮೇಲೆ ತೋರಿಸುವ ಸೊಕ್ಕು ಬೇರೆಯವರ ಮೇಲೆ ತೋರಿಸೋದಿಲ್ಲ.

ನಾನು ಹೇಳಬೇಕಾದ್ದು ಇಷ್ಟು. ಅಂಥ ಓಡುವ ಹುಡುಗನನ್ನು ಹೆತ್ತವರು ಒಮ್ಮೆ ಮನೆಗೆ ತಂದಮೇಲೆ ಸಾಮಾನ್ಯವಾಗಿ ಹೊರಗೆ ಬಿಡೋದಿಲ್ಲ. ನಮ್ಮಪ್ಪನಾದರೆ ಕಾಲು ಮುರಿಯುತ್ತಿದ್ದ. ಜೋಶಿ ಮಾಸ್ತರರು ಮತ್ತೆ ಬಿಟ್ಟರು. ಮೂರು ವರ್ಷ ಕಳಕೊಂಡ ಮಗನನ್ನು ತಂದು, ಇನ್ನೊಬ್ಬರ ಮನೆಯಲ್ಲಿ ಇರಲು ಒಪ್ಪಿದರು. ನನ್ನ ಕೈಲಿ ಆಗುತ್ತಿರಲಿಲ್ಲ.

---

ಕುಂದಗೋಳ_ಪ್ಯಾಸೆಂಜರ್
ಭಾನುವಾರ, ಮಧ್ಯಾಹ್ನ 3:10

ಅಜ್ಜಾರ, ಭಾಳ ಚಲೋ ಬರದೀರಿ. ನಾ ಅದೇ ಊರಾವ. ನಾಡಗೀರ ವಾಡೆ ಮುಂದ ದಿನಾ ಅಡ್ಡಾಡ್ತೇನಿ. ಅಬ್ದುಲ್ ಕರೀಂ ಖಾನರು ಬಂದು ಇಳೀತಿದ್ದ ವಾಡೆ ಅದು. ಹೊರಗಿಂದ ಬಂದವರು ಫೋಟೋ ಹೊಡಕೊಂಡು ಹೋಗ್ತಾರ. ನಾವು ಊರಾಗ ಇದ್ದವರು ಸುಮ್ನೆ ಸೈಕಲ್ ತಗೊಂಡು ಹೋಗಿಬಿಡ್ತೇವಿ.

---

ಕೋಮಲ_ರಿಷಭ
ಭಾನುವಾರ, ಸಂಜೆ 5:00

ನಾನು ಹಾಡುಗಾರಿಕೆ ಕಲಿಸುತ್ತೇನೆ. ಹಾಗಾಗಿ ಕ್ಯಾಸೆಟ್ ಮೇಲಿನ ‘ಮುಲ್ತಾನಿ’ ಅನ್ನೋ ಪದದಲ್ಲೇ ನಿಂತುಬಿಟ್ಟೆ.

ಸವಾಯಿ ಗಂಧರ್ವರು ಭೀಮಸೇನರಿಗೆ ಮುಖ್ಯವಾಗಿ ತಿದ್ದಿ ತೀಡಿ ಹೇಳಿಕೊಟ್ಟದ್ದು ಮೂರು ರಾಗ: ತೋಡಿ, ಮುಲ್ತಾನಿ, ಪೂರಿಯಾ. ತೋಡಿ ಬೆಳಗಿನದು, ಮುಲ್ತಾನಿ ಮಧ್ಯಾಹ್ನದ್ದು, ಪೂರಿಯಾ ಸಂಜೆಯದು. ತೋಡಿಗೂ ಮುಲ್ತಾನಿಗೂ ಸ್ವರ ಒಂದೇ. ರಿಷಭ, ಗಾಂಧಾರ, ಧೈವತ ಕೋಮಲ (ಸ್ವಲ್ಪ ತಗ್ಗಿದವು), ಮಧ್ಯಮ ತೀವ್ರ (ಸ್ವಲ್ಪ ಏರಿದ್ದು). ಕಾಗದದ ಮೇಲೆ ಬರೆದರೆ ಎರಡೂ ಅವಳಿ ಮಕ್ಕಳ ಹಾಗೆ. ಆದರೆ ತೋಡಿಯಲ್ಲಿ ರಿಷಭದ ಮೇಲೆ, ಧೈವತದ ಮೇಲೆ ನಿಂತು ಮಾತಾಡಬಹುದು. ಮುಲ್ತಾನಿಯಲ್ಲಿ ಏರುವಾಗ ಅವೆರಡನ್ನೂ ದಾಟಿ ಹೋಗಬೇಕು, ಇಳಿಯುವಾಗ ಮುಟ್ಟಿ ಬರಬೇಕು. ಪಂಚಮ ಮನೆ ಕಟ್ಟೆ ಇದ್ದ ಹಾಗೆ, ಅಲ್ಲಿ ಕೂರಬಹುದು. ಶಿಷ್ಯರು ಇಲ್ಲೇ ಎಡವೋದು. ಮುಲ್ತಾನಿ ಹಾಡ್ತಾ ಹಾಡ್ತಾ ಗೊತ್ತಿಲ್ಲದೆ ತೋಡಿಯ ಅಂಗಳಕ್ಕೆ ಇಳಿದುಬಿಡ್ತಾರೆ.

ಮೂರೇ ರಾಗ ಕಲಿಸಿದರು ಅಂತ ಕೆಲವರು ಆಶ್ಚರ್ಯ ಪಡ್ತಾರೆ. ಈ ಮೂರು ಗಂಟಲಿಗೆ ಕೂತರೆ ಉಳಿದವು ತಾವಾಗೇ ಬಾಗಿಲು ತೆಗೆಯುತ್ತವೆ. ಗುರುಗಳು ನೂರು ರಾಗದ ಪಟ್ಟಿ ಕೊಟ್ಟಿದ್ದರೆ ನಮಗೆ ಈ ದನಿ ಸಿಗುತ್ತಿರಲಿಲ್ಲ.

ಸರ್, ಆ ಕ್ಯಾಸೆಟ್ ಏನು ಮಾಡಿದಿರಿ? ಟೇಪ್ ಅಂಟಿಕೊಂಡಿರುತ್ತೆ. ಹಾಗೇ ಪ್ಲೇಯರ್‌ಗೆ ಹಾಕಬೇಡಿ ದಯವಿಟ್ಟು. ಮೊದಲು ಪೆನ್ಸಿಲ್ ಹಾಕಿ ನಿಧಾನಕ್ಕೆ ಒಂದು ಸುತ್ತು ತಿರುಗಿಸಿ.

---

ಪುಣೆಯ_ಸೊಸೆ
ಭಾನುವಾರ, ರಾತ್ರಿ 8:25

ಮದುವೆಯಾಗಿ ಪುಣೆಗೆ ಬಂದು ಇಪ್ಪತ್ತೆರಡು ವರ್ಷ ಆಯ್ತು. ಇಲ್ಲಿಯವರು ಅವರನ್ನು ‘ನಮ್ಮ ಭೀಮಸೇನಜಿ’ ಅಂತಾರೆ, ನಾನು ಗದಗಿನ ಹೆಸರು ತೆಗೆದು ಜಗಳ ಆಡ್ತೀನಿ. 1952ರಲ್ಲಿ ಗುರುಗಳು ತೀರಿಕೊಂಡ ಮೇಲೆ 1953ರಿಂದ ಅವರ ಹೆಸರಿನಲ್ಲಿ ಇಲ್ಲಿ ಉತ್ಸವ ನಡೆಸಿಕೊಂಡು ಬಂದರು. ಈಗ ಅದಕ್ಕೆ ಗುರು ಶಿಷ್ಯ ಇಬ್ಬರ ಹೆಸರೂ ಇದೆ. ಗುರುಗಳ ಹೆಸರಿಗೆ ಇಷ್ಟು ಮಾಡಿದವರು, ಹೌದು.

ಆದರೆ ನೀವೆಲ್ಲ ಭೀಮಸೇನ ಮಗನಾಗಿದ್ದ ಕಥೆ ಹೇಳ್ತಿದ್ದೀರಿ. ಅವರು ಅಪ್ಪನಾಗಿದ್ದ ಕಥೆ? ಅವರಿಗೆ ಎರಡು ಸಂಸಾರ. ಮೊದಲ ಹೆಂಡತಿ ಸುನಂದಾ ಅವರ ಮಗ ರಾಘವೇಂದ್ರ ಜೋಶಿ ಅಪ್ಪನ ಬಗ್ಗೆ ಮರಾಠಿಯಲ್ಲಿ ಒಂದು ಪುಸ್ತಕ ಬರೆದರು. ಆಮೇಲೆ ಇಂಗ್ಲಿಷಿಗೂ ಬಂತು. ಮುಚ್ಚುಮರೆ ಇಲ್ಲದೆ ಬರೆದಿದ್ದಾರೆ. ನನಗೆ ಅದನ್ನು ಓದುವಾಗ ಆ ಅಂಗಿಯ ನೆನಪೇ ಬರುತ್ತಿತ್ತು. ಜಗತ್ತೇ ಕೊಂಡಾಡುವ ಅಪ್ಪ. ಅವರ ಹೆಸರು ಮೈಮೇಲೆ ಇದೆ. ಅಪ್ಪ ಮಾತ್ರ ಮನೆಯಲ್ಲಿಲ್ಲ. ಒಂದು ಊರಿಂದ ಇನ್ನೊಂದು ಊರಿಗೆ ಕಛೇರಿ. ವಿಮಾನದಲ್ಲೇ ಇರ್ತಾರೆ ಅಂತ ಅವರಿಗೆ ‘ಹವಾಯಿ ಗಂಧರ್ವ’ ಅಂತ ಹೆಸರೇ ಬಿದ್ದಿತ್ತು. ಕಾರಿನ ಹುಚ್ಚು ಬೇರೆ, ನೂರಾರು ಮೈಲಿ ತಾವೇ ಓಡಿಸಿಕೊಂಡು ಹೋಗೋರು, ಕೆಟ್ಟರೆ ಬಾನೆಟ್ ಎತ್ತಿ ತಾವೇ ನೋಡೋರು.

ಚಿಕ್ಕಂದಿನಲ್ಲಿ ಮೆರವಣಿಗೆ ಹಿಂದೆ ಹೋದ ಹುಡುಗ ಕೊನೆವರೆಗೂ ಹೋಗ್ತಾನೇ ಇದ್ದ. ಅವನನ್ನು ಮನೆಗೆ ತಂದು ಬಿಡೋ ಜನ ಮಾತ್ರ ಇರಲಿಲ್ಲ. ಇದು ನನ್ನ ಅಭಿಪ್ರಾಯ. ಬೈಯೋದಾದರೆ ಬೈಯಿರಿ.

ಇನ್ನೊಂದು ವಿಚಿತ್ರ. ಎರಡನೇ ಹೆಂಡತಿ ವತ್ಸಲಾ ಅವರ ಮಗ ಶ್ರೀನಿವಾಸ ಜೋಶಿ ಐಐಟಿಯಲ್ಲಿ ಎಂಜಿನಿಯರಿಂಗ್ ಓದಿದರು. ಓದು ಮುಗಿಸಿ ತಂಬೂರಿ ಹಿಡಿದು ಗಾಯಕರೇ ಆದರು. ಅಜ್ಜನ ಆಸೆ ಮೊಮ್ಮಗ ತೀರಿಸಿದ ಹಾಗೂ ಆಯ್ತು, ತೀರಿಸದ ಹಾಗೂ ಆಯ್ತು.

---

ಸಕ್ಕರೆ_ಬೇಡ
ಭಾನುವಾರ, ರಾತ್ರಿ 8:40

ಮೇಡಂ, ಬೈಯೋದಿಲ್ಲ. ಆದರೆ ಇನ್ನು ಮೇಲೆ ‘ಭಾಗ್ಯದ ಲಕ್ಷ್ಮೀ ಬಾರಮ್ಮಾ’ ಕೇಳುವಾಗ ನಿಮ್ಮ ಈ ಮಾತು ನೆನಪಾದರೆ ನಿಮ್ಮದೇ ಜವಾಬ್ದಾರಿ.

---

ತುಂಗಭದ್ರೆ_ದಂಡೆ
ಸೋಮವಾರ, ಬೆಳಿಗ್ಗೆ 6:50

ಸ್ವಲ್ಪ ಪಕ್ಕಕ್ಕೆ ಹೋಗ್ತೀನಿ. ಓಡಿ ಹೋದವನ ಅಪ್ಪನ ಬಗ್ಗೆ ಆಯ್ತು. ಕೈ ಹಿಡಿದು ಕರೆದುಕೊಂಡು ಹೋದ ಅಪ್ಪಂದಿರೂ ಇದ್ದಾರೆ.

ಕುಮಾರ ಗಂಧರ್ವರನ್ನು ನೋಡಿ. 1924ರಲ್ಲಿ ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರ. ಅಪ್ಪ ಸಿದ್ದರಾಮಯ್ಯನವರೇ ಹಾಡುಗಾರರು. ಹುಡುಗ ದೊಡ್ಡ ದೊಡ್ಡವರ ಪ್ಲೇಟು ಕೇಳಿ ಅದನ್ನೇ ಚಾಚೂ ತಪ್ಪದೆ ಹಾಡಿ ತೋರಿಸುತ್ತಿದ್ದ. ಅಪ್ಪ ಅವನನ್ನು ಊರೂರಿಗೆ ಕರೆದುಕೊಂಡು ಹೋಗಿ ಕಛೇರಿ ಮಾಡಿಸಿದರು. ಆಮೇಲೆ 1936ರ ಹೊತ್ತಿಗೆ ಮುಂಬೈಯಲ್ಲಿ ಸಂಗೀತ ಗುರು ದೇವಧರ ಮಾಸ್ತರರ ಕೈಗೆ ಒಪ್ಪಿಸಿದರು. ನೋಡಿ, ಗದಗಿನ ಹುಡುಗ ಕುಂದಗೋಳ ಸೇರಿದ್ದೂ ಅದೇ 1936ರಲ್ಲಿ! ಒಬ್ಬ ಓಡಿ ಓಡಿ ಗುರುವಿನ ಮನೆ ಸೇರಿದ, ಇನ್ನೊಬ್ಬನನ್ನು ಅಪ್ಪನೇ ಮುಟ್ಟಿಸಿದರು. ಭೀಮಸೇನನಿಗೆ ಹದಿನಾಲ್ಕು, ಕುಮಾರನಿಗೆ ಹನ್ನೆರಡು.

ನಮ್ಮ ಸರೋದ್ ವಾದಕ ರಾಜೀವ ತಾರಾನಾಥರದು ಮೂರನೇ ಥರ. ಅಪ್ಪ ಪಂಡಿತ ತಾರಾನಾಥರು, ತುಂಗಭದ್ರೆಯ ಪ್ರೇಮಾಯತನ ಆಶ್ರಮದವರು. ವೈದ್ಯರು, ಶಿಕ್ಷಣದಲ್ಲಿ ಹೊಸ ಪ್ರಯೋಗ ಮಾಡಿದವರು. ಮಗನಿಗೆ ಮೊದಲ ಸಂಗೀತ ಪಾಠ ಅವರದೇ. 1942ರಲ್ಲಿ ತೀರಿಕೊಂಡರು. ಆಗ ರಾಜೀವರಿಗೆ ಹತ್ತು ವರ್ಷವೂ ಸರಿಯಾಗಿ ತುಂಬಿತ್ತೋ ಇಲ್ಲವೋ. ಮುಂದೆ ಇಂಗ್ಲಿಷ್ ಪ್ರಾಧ್ಯಾಪಕರಾಗಿ, ಅಲಿ ಅಕ್ಬರ್ ಖಾನರ ಸರೋದ್ ಕೇಳಿ, ಎಲ್ಲ ಬಿಟ್ಟು ಅವರ ಹಿಂದೆ ಹೋದರು. 2024ರಲ್ಲಿ ಮೈಸೂರಿನಲ್ಲಿ ತೀರಿಕೊಂಡರು.

ಇನ್ನು ಮಲ್ಲಿಕಾರ್ಜುನ ಮನ್ಸೂರರ ಹಿಂದೆ ಕೂತು ದನಿಗೂಡಿಸುತ್ತಿದ್ದ ಮಗ ರಾಜಶೇಖರ ಮನ್ಸೂರ್ ಇದ್ದರು, ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಮೇಷ್ಟ್ರು. ಅದರ ಬಗ್ಗೆ ಬೇರೆ ದಿನ ಬರೀತೀನಿ, ಬಸ್ ಬಂತು.

---

ಹೆಸರು_ಬೇಡ_21
ಸೋಮವಾರ, ಬೆಳಿಗ್ಗೆ 9:30

ಇಲ್ಲಿ ಮೊದಲ ಸಲ ಬರೀತಿದ್ದೀನಿ. ಎಂಜಿನಿಯರಿಂಗ್ ಮೂರನೇ ವರ್ಷ. ನಾಲ್ಕು ವರ್ಷದಿಂದ ತಬಲಾ ಕಲೀತಿದ್ದೀನಿ. ಕಾಲೇಜು ಬಿಟ್ಟು ಗುರುಗಳ ಊರಿಗೇ ಹೋಗಿ ಇರಬೇಕು ಅಂತ ಆಸೆ. ಮನೆಯಲ್ಲಿ ಹೇಳಿದೆ. ಅಪ್ಪ ಜಗಳ ಆಡಲಿಲ್ಲ. ಒಂದು ವಾರದಿಂದ ಮಾತೇ ಆಡ್ತಿಲ್ಲ. ನಿನ್ನೆ ತಬಲಾದ ಮೇಲೆ ಹಾಕೋ ಗವಸು ಒಗೆದು ಒಣಗಿಸಿ ಇಟ್ಟಿದ್ದರು. ಏನಂತ ತಿಳ್ಕೋಬೇಕು ಗೊತ್ತಾಗ್ತಿಲ್ಲ. ಭೀಮಸೇನ ಜೋಶಿ ಓಡಿ ಹೋದರು ಅಂತ ನಾನೂ ಹೋಗಿಬಿಡಲಾ ಅನ್ನಿಸಿತ್ತು. ಈ ಚರ್ಚೆ ಓದಿದ ಮೇಲೆ ಗೊಂದಲ ಜಾಸ್ತಿ ಆಗಿದೆ.

---

ನಿಷ್ಠುರವಾದಿ
ಸೋಮವಾರ, ಬೆಳಿಗ್ಗೆ 9:52

ತಮ್ಮಾ, ಓಡಿ ಹೋಗಬೇಡ. ಓಡಿ ಹೋಗಿ ಭೀಮಸೇನ ಆಗದವರ ಪಟ್ಟಿ ಯಾರೂ ಇಟ್ಟಿಲ್ಲ. ಅದು ಬಹಳ ಉದ್ದ ಇರುತ್ತೆ.

ನನ್ನದೇ ಹೇಳ್ತೀನಿ, ಇಲ್ಲಿ ಯಾವತ್ತೂ ಹೇಳಿರಲಿಲ್ಲ. ನನಗೆ ಹದಿನೈದು ವರ್ಷ ಇದ್ದಾಗ ಅಪ್ಪ ನನ್ನ ಹಾರ್ಮೋನಿಯಂ ಮಾರಿಬಿಟ್ಟರು. ಎಸ್ಸೆಸ್ಸೆಲ್ಸಿ ಅಂತ. ಆ ಸಿಟ್ಟಿಗೆ ಇಪ್ಪತ್ತು ವರ್ಷ ಅಪ್ಪನ ಜೊತೆ ಸರಿಯಾಗಿ ಮಾತಾಡಲಿಲ್ಲ. ನಿನ್ನೆ ನಾನು ಬರೆದದ್ದರಲ್ಲಿ ಜೋಶಿ ಮಾಸ್ತರರ ಮೇಲೆ ಕಾರಿದ ಸಿಟ್ಟು ಅವರಿಗೆ ಸೇರಿದ್ದಲ್ಲ. ಅಪ್ಪ ತೀರಿಕೊಂಡ ಮೇಲೆ ಅವ್ವ ಹೇಳಿದಳು, ಆ ದುಡ್ಡಲ್ಲಿ ನನ್ನ ಪರೀಕ್ಷೆ ಫೀಸು ಕಟ್ಟಿದ್ದರು ಅಂತ. ಹೇಳಿದ್ದರೆ ಆಗ್ತಿತ್ತಲ್ಲ? ಹೇಳಲಿಲ್ಲ ಪುಣ್ಯಾತ್ಮ.

ನಿನ್ನ ಅಪ್ಪ ಗವಸು ಒಗೆದಿದ್ದಾರೆ. ಹೋಗಿ ಕಾಫಿ ಮಾಡಿಕೊಂಡು ಎದುರಿಗೆ ಕೂತ್ಕೋ. ತಬಲಾದ ಮಾತು ತೆಗೀಬೇಡ. ಅವರೇ ತೆಗೀತಾರೆ.

---

ಕೋಮಲ_ರಿಷಭ
ಸೋಮವಾರ, ಬೆಳಿಗ್ಗೆ 10:15

@ಹೆಸರು_ಬೇಡ_21, ಇನ್ನೊಂದು ವರ್ಷ ತಾನೇ? ಡಿಗ್ರಿ ಮುಗಿಸು. ದಿನಕ್ಕೆ ಎರಡು ಗಂಟೆ ಕೈ ಸಾಧನೆ ಬಿಡಬೇಡ. ಮತ್ತೆ ನಿನ್ನ ಗುರುಗಳನ್ನೇ ಕೇಳು. ಒಳ್ಳೆಯ ಗುರು ಇದ್ದರೆ ಅವರೇ ಸತ್ಯ ಹೇಳ್ತಾರೆ. ಅವರನ್ನೂ ಅಪ್ಪನನ್ನೂ ಒಂದು ಸಲ ಭೇಟಿ ಮಾಡಿಸು. ನಾನು ನೋಡಿದ ಹಾಗೆ ಅರ್ಧ ಜಗಳ ಅಲ್ಲೇ ಮುಗಿಯುತ್ತೆ.

---

ರೇಡಿಯೋ_ಅಜ್ಜ
ಸೋಮವಾರ, ಬೆಳಿಗ್ಗೆ 11:40

ಮಗೂ, ಭೀಮಣ್ಣನಿಗೆ ಆಗ ಹನ್ನೊಂದು. ನಿನಗೆ ಇಪ್ಪತ್ತೊಂದು. ನೀನು ಓಡಿ ಹೋದರೆ ಅದಕ್ಕೆ ಓಡಿ ಹೋದ ಅನ್ನೋದಿಲ್ಲ, ಊರು ಬಿಟ್ಟ ಅಂತಾರೆ.

---

ಲಕ್ಷ್ಮೇಶ್ವರದಕ್ಕ
ಸೋಮವಾರ, ಮಧ್ಯಾಹ್ನ 1:00

ಇಷ್ಟೆಲ್ಲ ಮಾತಾಡಿದಿರಿ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರು ಯಾರೂ ಎತ್ತಲಿಲ್ಲವಲ್ಲ? ಕಣ್ಣಿಲ್ಲದ ಎಷ್ಟು ಮಕ್ಕಳಿಗೆ ಪಂಚಾಕ್ಷರಿ ಗವಾಯಿಗಳು, ಆಮೇಲೆ ಪುಟ್ಟರಾಜ ಗವಾಯಿಗಳು ಅನ್ನ ಹಾಕಿ ಹಾಡು ಕಲಿಸಿದರು! ಅಲ್ಲಿ ಅಪ್ಪನೂ ಅವರೇ, ಗುರುವೂ ಅವರೇ. ನಮ್ಮ ಕಡೆ ಪುಟ್ಟರಾಜರನ್ನು ‘ಅಜ್ಜಾರು’ ಅಂತಲೇ ಕರೀತಿದ್ದೆವು. 2010ರಲ್ಲಿ ಅವರು ತೀರಿಕೊಂಡಾಗ ಊರಿಗೆ ಊರೇ ಮನೆಯ ಹಿರಿಯನನ್ನು ಕಳಕೊಂಡ ಹಾಗೆ ಅತ್ತಿತು. ನಾಲ್ಕು ತಿಂಗಳಿಗೆ, 2011ರ ಜನವರಿಯಲ್ಲಿ, ಪುಣೆಯಲ್ಲಿ ಭೀಮಣ್ಣನೂ ಹೋದ.

---

ಹೆಸರು_ಬೇಡ_21
ಮಂಗಳವಾರ, ರಾತ್ರಿ 10:05

ಕಾಫಿ ಮಾಡಿಕೊಂಡು ಕೂತೆ. ಅಪ್ಪ ಅರ್ಧ ಗಂಟೆ ಕ್ರಿಕೆಟ್ ನೋಡಿದರು. ಆಮೇಲೆ, ‘ಆ ದಾಯಾಂನ ಶಾಯಿ ಬಿರುಕು ಬಿಟ್ಟಿದೆ, ಎಲ್ಲಿ ಹಾಕಿಸ್ತಾರೆ ಅದನ್ನ?’ ಅಂದರು (ಬಲಗೈ ತಬಲಾದ ಮೇಲಿನ ಕಪ್ಪು ಲೇಪ ಅದು). ಅಷ್ಟೇ. ಶನಿವಾರ ಇಬ್ಬರೂ ರಿಪೇರಿಗೆ ಹೋಗ್ತಿದ್ದೀವಿ.

---

ಗದಗ_ಬೆಟಗೇರಿ
ಗುರುವಾರ, ರಾತ್ರಿ 11:30

@ಕೋಮಲ_ರಿಷಭ ಮೇಡಂ ಹೇಳಿದ ಹಾಗೆ ಪೆನ್ಸಿಲ್ ಹಾಕಿ ತಿರುಗಿಸಿ, ಸ್ನೇಹಿತರೊಬ್ಬರ ಹಳೇ ಡೆಕ್‌ನಲ್ಲಿ ಇವತ್ತು ಕ್ಯಾಸೆಟ್ ಹಾಕಿದೆವು. ಅಪ್ಪ ಟೇಪ್ ರೆಕಾರ್ಡರನ್ನು ರೇಡಿಯೋ ಮುಂದೆ ಇಟ್ಟು ರೆಕಾರ್ಡ್ ಮಾಡುತ್ತಿದ್ದರು. ಹಾಗಾಗಿ ಹಾಡಿನ ಜೊತೆ ನಮ್ಮ ಇಡೀ ಮನೆ ಅದರಲ್ಲಿದೆ. ನಲ್ಲಿ ನೀರಿನ ಸದ್ದು. ಯಾರೋ ‘ಮಾಸ್ತರ್ ಇದ್ದಾರೇನ್ರೀ’ ಅಂತ ಬಾಗಿಲಲ್ಲಿ ಕೇಳಿದ್ದು. ಅವ್ವ ಮೆಲ್ಲಗೆ ‘ಆಮ್ಯಾಲ ಬರ್ರಿ’ ಅಂದದ್ದು.

ಇಪ್ಪತ್ತಾರನೇ ನಿಮಿಷದ ಹತ್ತಿರ ಭೀಮಣ್ಣ ದ್ರುತ್‌ಗೆ, ಅಂದರೆ ವೇಗದ ಭಾಗಕ್ಕೆ, ಬಂದಿದ್ದಾರೆ. ತಾನುಗಳು ಹೊಸ ಮಳೆಯ ಹಾಗೆ ಬೀಳ್ತಿವೆ. ಅಷ್ಟರಲ್ಲಿ ದೂರದಿಂದ ಒಂದು ಸಣ್ಣ ದನಿ: ‘ಅಪ್ಪಾ, ನಾ ಬಿದ್ದೆ.’ ಇನ್ನೊಮ್ಮೆ, ಸ್ವಲ್ಪ ಜೋರಾಗಿ, ಅಳು ಸೇರಿಸಿ: ‘ಅಪ್ಪಾ...’

‘ಬಂದೆ ಬಂದೆ ಬಂದೆ’ ಅನ್ನೋ ಅಪ್ಪನ ದನಿ. ಕುರ್ಚಿ ಸರಿದ ಸದ್ದು. ಟಕ್.

ಕಟ್ ಮಾಡಿದ್ದು ನಾನು.

---

ಕೋಮಲ_ರಿಷಭ
ಗುರುವಾರ, ರಾತ್ರಿ 11:48

ಸರ್, ಅದನ್ನು ಎಡಿಟ್ ಮಾಡೋಕೆ ಯಾರಿಗೂ ಕೊಡಬೇಡಿ.

---

ಓಲ್ಡ್_ಮೀಟರ್‌ಗೇಜ್
ಶುಕ್ರವಾರ, ಬೆಳಿಗ್ಗೆ 6:20

ಇನ್ನೂ ಹದಿಮೂರು ಕ್ಯಾಸೆಟ್ ಇವೆಯಲ್ಲ. ಅವುಗಳ ಮೇಲೆ ಏನು ಬರೆದಿದ್ದಾರೆ?